ವಿಳಾಸ ಹೇಳಿ ಕಳುಹಿಸದೆ ಜೊತೆಗೆ ನಡೆದವರು

ಕಷ್ಟದಲ್ಲಿರುವ ಹದಿಹರೆಯದ ಮಕ್ಕಳಿಗೆ ಊರಿನಲ್ಲಿ ನೆರವಿನ ಬಾಗಿಲುಗಳೇ ಇಲ್ಲವೆಂದಲ್ಲ. ಆ ಬಾಗಿಲು ಯಾವ ಬೀದಿಯಲ್ಲಿದೆ, ಒಳಗೆ ಯಾರನ್ನು ಕೇಳಬೇಕು, ಗದರಿದರೆ ಏನು ಹೇಳಬೇಕು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಈ ಅಂತರವನ್ನು ಕಾಲ್ನಡಿಗೆಯಿಂದಲೇ ತುಂಬಿದವರಲ್ಲಿ, ಈಗ ಸೇವೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಸಮಾಜ ಕಾರ್ಯಕರ್ತೆಯವರು ಅಗ್ರಗಣ್ಯರು. ಅವರ ಹುದ್ದೆಗೆ ಮಾರುದ್ದದ ಹೆಸರಿದೆ. ಮಕ್ಕಳ ಬಾಯಲ್ಲಿ ಮಾತ್ರ ಅವರು ‘ಜೊತೆಯಕ್ಕ’.

ಮಕ್ಕಳ ನೆರವಿನ ಕಚೇರಿಗೆ ಸೇರಿದ ಹೊಸದರಲ್ಲಿ ಅವರಿಗೆ ದೊರೆತದ್ದು ಮೆಟ್ಟಿಲ ಕೆಳಗಿನ ಕೋಣೆ ಮತ್ತು ತೆರೆಯಲಾಗದ ಒಂದು ಕಿಟಕಿ. ಬಂದ ಮಕ್ಕಳಿಗೆ ವಿಳಾಸ ಹೇಳಿ ಕಳುಹಿಸುವುದು ಅಲ್ಲಿನ ರೂಢಿ. ಹಾಗೆ ಹೋದವರಲ್ಲಿ ಬಹುಪಾಲು ಮಂದಿ ಅಲ್ಲಿಗೆ ತಲುಪುವುದೇ ಇಲ್ಲವೆಂದು ಮನಗಂಡ ಅವರು, ಕೊಡೆ ಹಿಡಿದು ತಾವೇ ಜೊತೆಗೆ ಹೊರಟರು.

“ಪೋಸ್ಟ್‌ಮ್ಯಾನ್ ಕೂಡ ಇಷ್ಟು ಸುತ್ತಲ್ಲಮ್ಮ,” ಎಂದು ಮೇಲಧಿಕಾರಿ ನಕ್ಕರು.

“ಕಾಗದಕ್ಕೆ ಹೆದರಿಕೆ ಇರಲ್ಲ ಸರ್, ಮಕ್ಕಳಿಗಿರುತ್ತೆ.”

ಅವರ ಛಲ ಒರೆಗೆ ಬಿದ್ದದ್ದು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುತ್ತಿದ್ದ ಹದಿನಾರರ ಹುಡುಗಿಯ ವಿಷಯದಲ್ಲಿ. ತಂದೆ ಇಲ್ಲ, ತಾಯಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು, ಓದು ನಿಂತಿತ್ತು. ಜೊತೆಯಕ್ಕ ಓಡಾಡಿ ಮಗಳಿಗೆ ಹಾಸ್ಟೆಲನ್ನೂ ತಾಯಿಗೆ ಆಶ್ರಮವನ್ನೂ ಗೊತ್ತುಮಾಡಿದಾಗ ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು.

“ನಾನೊಂದು ಕಡೆ, ಅಮ್ಮ ಒಂದು ಕಡೆ. ಮನೇಲಿ ಬೀಗ ಮಾತ್ರ ಇರಬೇಕಾ?”

ಆಮೇಲೆ ಅವಳು ಇತ್ತ ಮುಖ ಹಾಕಲಿಲ್ಲ. ಕೊಟ್ಟದ್ದು ಬೇಡವೆಂದರೆ ಯಾರೇನು ಮಾಡಲಾದೀತು ಎಂದು ಸಹೋದ್ಯೋಗಿಗಳು ಕೈಚೆಲ್ಲಿದರು. ಜೊತೆಯಕ್ಕನಿಗೆ ಮಾತ್ರ ಹುಡುಗಿಯ ಆ ಮಾತು ಎದೆಯಲ್ಲಿ ಮುಳ್ಳಾಗಿ ಚುಚ್ಚಿತು. ನೆಟ್ಟಗೆ ಲಾಂಡ್ರಿಗೆ ಹೋಗಿ, ಆವಿಯ ನಡುವೆ ನಿಂತು, “ಸರಿ, ನಿನಗೇನು ಬೇಕು? ನೀನೇ ಹೇಳು,” ಎಂದರು.

“ನಾನು ಸ್ಕೂಲಲ್ಲಿರೋ ಹೊತ್ತಲ್ಲಿ ಅಮ್ಮನ್ನ ಮಗ್ಗುಲು ತಿರುಗಿಸೋಕೆ ಒಬ್ಬರು. ಅಷ್ಟೇ ಅಕ್ಕ.”

ಲಾಂಡ್ರಿಯ ಒಡತಿ ಕೆಲಸವನ್ನು ಸಂಜೆಗೆ ಬದಲಾಯಿಸಿಕೊಟ್ಟರು. ಕಗ್ಗಂಟಾದದ್ದು ಆರೋಗ್ಯ ಕೇಂದ್ರ. ಮನೆಗೆ ಬರುವ ದಾದಿಯರ ಸೇವೆ ವೃದ್ಧರಿಗಷ್ಟೇ ಎಂದರು ವೈದ್ಯರು.

“ತಾಯಿ ಮುದುಕಿ ಆಗೋವರೆಗೆ ಮಗಳು ಓದದೇ ಕಾಯಬೇಕಾ ಡಾಕ್ಟ್ರೇ?”

ವೈದ್ಯರು ಮುಂದಿನ ರೋಗಿಯನ್ನು ಕರೆದರು. ಜೊತೆಯಕ್ಕ ದಿನವೂ ಅವರ ಕೋಣೆಯೆದುರಿನ ಬೆಂಚಿನಲ್ಲಿ ಕುಳಿತರು. ಜಗಳವಿಲ್ಲ, ಗೋಗರೆಯುವುದೂ ಇಲ್ಲ. ಕೊನೆಗೆ ಬೇಸತ್ತ ವೈದ್ಯರು ಒಮ್ಮೆ ಮನೆ ನೋಡಲು ಒಪ್ಪಿದರು. ಆ ಇಕ್ಕಟ್ಟಾದ ಕೋಣೆಯಲ್ಲಿ ಹುಡುಗಿ ತನಗಿಂತ ಭಾರವಾದ ತಾಯಿಯನ್ನು ತಬ್ಬಿ ಎತ್ತಿ ಕೂರಿಸಿದ್ದನ್ನು ಕಂಡು, ಅವರು ಮೆಟ್ಟಿಲಿಳಿದು ನೇರ ಕೇಂದ್ರಕ್ಕೆ ಮರಳಿದರು. ಮರುವಾರದಿಂದ ದಾದಿ ಬರತೊಡಗಿದಳು. ಅದೇ ವರ್ಷ ನಿಯಮವೂ ಬದಲಾಗಿ, ಅಂಥ ಇನ್ನೂ ಹಲವು ಮನೆಗಳಿಗೆ ನೆರವು ತಲುಪಿತು.

ಹುಡುಗಿ ಮೊದಲ ಸಲ ಗಣಿತದಲ್ಲಿ ಡುಮ್ಕಿ ಹೊಡೆದಳು, ಮರುಪ್ರಯತ್ನದಲ್ಲಿ ಪಾಸಾದಳು. ಆ ಸುದ್ದಿ ಕೇಳಿದ ಮೇಲೆಯೇ ತಾಯಿ ಕಣ್ಣುಮುಚ್ಚಿದರು, ತಮ್ಮ ಮನೆಯಲ್ಲೇ, ಮಗಳ ಪಕ್ಕದಲ್ಲೇ. ಈಗ ಆ ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಾಳೆ. ಲಾಂಡ್ರಿಗೆ ಹೋದ ಆ ದಿನದಿಂದ ಜೊತೆಯಕ್ಕ ಯಾವ ಮಗುವನ್ನೂ, ಅದರ ಬಾಯಿಂದ ಕೇಳದೆ, ಎಲ್ಲಿಗೂ ಕರೆದೊಯ್ಯಲಿಲ್ಲ.

ನಿವೃತ್ತಿಯ ವೇಳೆಗೆ ಅವರ ಹುದ್ದೆಯನ್ನೇ ಕೈಬಿಡುವ ಮಾತು ಕೇಳಿಬಂತು. “ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂರೋವರೆಗೆ ನನಗೆ ಸನ್ಮಾನ ಬೇಡ,” ಎಂದು ಅವರು ಪಟ್ಟುಹಿಡಿದರು. ಅವರಿಗಾಗಿ ನಾವು ತರುತ್ತಿರುವ ಈ ಅಭಿನಂದನ ಗ್ರಂಥ ತಡವಾದದ್ದು ಅದಕ್ಕೇ; ಇಂದು ಹೊರಬರುತ್ತಿರುವುದೂ, ಹೊಸ ಕಾರ್ಯಕರ್ತೆ ಕಳೆದ ವಾರ ಕೆಲಸಕ್ಕೆ ಸೇರಿದ್ದರಿಂದಲೇ.

“ಇನ್ನಾದರೂ ಹಗಲು ಹೊತ್ತಲ್ಲಿ ನಿನ್ನ ಮುಖ ನೋಡಬಹುದು,” ಎಂದು ದರ್ಜಿಯಾದ ಅವರ ಯಜಮಾನರು ಆಸೆಪಟ್ಟಿದ್ದರಂತೆ. ಆದರೆ ಹೊಸಬಳಿಗೆ ಬೀದಿಗಳ ಪರಿಚಯ ಮಾಡಿಸಬೇಕೆಂದು ಜೊತೆಯಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಾರೆ. ಅವರ ಆಯುಷ್ಯ, ಆರೋಗ್ಯ, ಮೊಣಕಾಲಿನ ಬಲ ಮೂರೂ ಗಟ್ಟಿಯಾಗಿರಲಿ. ಅವರ ಹಟದ ಒಂದು ಪಾಲು ನಮಗೂ ಅಂಟಿಕೊಳ್ಳಲಿ.