ಶಾರದತ್ತಿಯ ಇಂಗ್ಲಿಷ್ ತಿಂಡಿ

ಬೇಗಂ ಬಜಾರಿನಲ್ಲಿ ಶೇಂಗಾ ಹುರಿಯುವ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನೊಳಗೆ ಏನೋ ಕೆರಳುತ್ತದೆ. ಹಸಿವಲ್ಲ, ಹೊಟ್ಟೆಕಿಚ್ಚು. ಇಷ್ಟು ವರ್ಷವಾದರೂ ಆರಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಕೆಳಗೆ ಬಟ್ಟೆ ಅಂಗಡಿ, ಮೇಲೆ ನಮ್ಮ ಶಾರದತ್ತಿಯ ಮನೆ. ಅಪ್ಪನ ಅಕ್ಕ, ಇಂಗ್ಲಿಷ್ ಟೀಚರ್. ಅಪ್ಪನಿಗೆ ಊರೂರು ವರ್ಗವಾಗುತ್ತಿದ್ದುದರಿಂದ ಓದಲೆಂದು ನನ್ನನ್ನು ಅಲ್ಲಿ ಬಿಟ್ಟಿದ್ದರು. ನಿಮ್ಮ ಬಾಲ್ಯದಲ್ಲೂ ಇಂಥದೊಂದು ಮನೆ ಇದ್ದಿರಬಹುದು, ಈಗ ಹೋಗಿ ಬಾಗಿಲು ತಟ್ಟಲಾಗದಂಥದು. ಹೊರಗೆ ತೆಲುಗು, ಹಿಂದಿ. ಒಳಗೆ ಕಲಬುರಗಿಯ ಕನ್ನಡ. ಸಂಜೆ ತಿಂಡಿಯ ಹೊತ್ತಿಗೆ ಮಾತ್ರ ಇಂಗ್ಲಿಷ್. ಅತ್ತಿ ಅಡುಗೆಮನೆಯ ನೆಲದ ಮೇಲೆ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದಳು. ಸರಿಯಾಗಿ ಕೇಳಿದರಷ್ಟೇ ತಟ್ಟೆಗೆ ಬೀಳುವುದು. ಎಣಿಸಬಹುದಾದ ಉಂಡೆ, ಬಾಳೆಹಣ್ಣಿಗೆ ‘ಮೆನಿ’, ‘ಫ್ಯೂ’; ಎಣಿಸಲಾಗದ ಹಾಲು, ತುಪ್ಪಕ್ಕೆ ‘ಮಚ್’, ‘ಲಿಟಲ್’. ನಾನು ಎಂದೂ ತಪ್ಪುತ್ತಿರಲಿಲ್ಲ. ಹಾಗೆಂದು ನೆನಪು ಹೇಳುತ್ತದೆ, ಅದರ ಮಾತನ್ನು ಎಷ್ಟು ನಂಬಬೇಕೋ. ಕೇಳಿದ್ದನ್ನು ತಟ್ಟೆಗೆ ಹಾಕಿ “ಶಾಣ್ಯಾಕಿ” ಎಂದು ಅತ್ತಿ ಮುಂದಿನ ಡಬ್ಬಿಗೆ ಕೈ ಹಾಕುತ್ತಿದ್ದಳು.

ಆಮೇಲೆ ಸೇಡಂನಿಂದ ಸುಮಾ ಬಂದಳು. ಅತ್ತಿಯ ಗಂಡನ ತಂಗಿಯ ಮಗಳು, ನನ್ನ ವಾರಿಗೆಯವಳು, ಅಲ್ಲಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದವಳು. ಮೊದಲ ಸಂಜೆಯೇ “ಮೆನಿ ಮೆನಿ ತುಪ್ಪ, ಅತ್ತಿ!” ಎಂದು ತಟ್ಟೆ ಚಾಚಿದಳು. ನಾನು ನಕ್ಕೆ. ಅತ್ತಿಯೂ ನಕ್ಕಳು, ಆ ನಗು ಬೇರೆ. “ಬಾ ಇಲ್ಲಿ, ಹುಚ್ಚಿ. ತುಪ್ಪಾ ಎಣಸ್ತಾರೇನ? ಎಣಸಿ ತೋರಸು ನೋಡೂಣು” ಎಂದು ಅವಳನ್ನು ತೊಡೆಗೆ ತಾಗಿಸಿ ಕೂರಿಸಿಕೊಂಡು, ಅವಳ ಬೆರಳು ಹಿಡಿದು ತುಪ್ಪದಲ್ಲಿ ಅದ್ದಿದಳು. ಆಮೇಲೆ ಅವಳ ಅಂಗೈಗೆ ಬಿಸಿ ಶೇಂಗಾ ಸುರಿದಳು; ತಲೆಗೆ ತಲೆ ತಾಗಿಸಿ, ಇಬ್ಬರೂ ಒಂದೊಂದಾಗಿ ಎಣಿಸಿದರು. ದಿನಾ ಇದೇ ಆಯಿತು. ಸುಮಾ ತಪ್ಪುತ್ತಿದ್ದಳು, ಅತ್ತಿಯ ಕೈ ಅವಳಿಗೆ ಸಿಗುತ್ತಿತ್ತು. ನನಗೆ ಸಿಗುತ್ತಿದ್ದುದು ಕೇಳಿದ ಪದಾರ್ಥ. ಅತ್ತಿಯ ಒಡಹುಟ್ಟಿದವನ ಮಗಳು ನಾನು ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಒಂದು ಸಂಜೆ ಬೇಕೆಂತಲೇ ನಾನೂ ‘ಮೆನಿ’ ಹಾಲು ಕೇಳಿದೆ. ಅತ್ತಿ ತಲೆ ಎತ್ತಲಿಲ್ಲ. “ನಿನಗ ಬರ್ತದ. ಸುಮ್ನ ನಾಟಕ ಮಾಡಬ್ಯಾಡ” ಎಂದು ಹಾಲಿನ ಲೋಟ ನನ್ನತ್ತ ಸರಿಸಿದಳು. “ಇಕೀನೂ ತಪ್ಪತಾಳ, ಅತ್ತಿ!” ಎಂದು ಸುಮಾ ಚಪ್ಪಾಳೆ ತಟ್ಟಿದಳು. ಕೆನೆ ನನ್ನ ತುಟಿಗೆ ಅಂಟಿತ್ತು. ಅತ್ತಿ ಒರೆಸಬಹುದೆಂದು ಹಾಗೇ ಕೂತಿದ್ದೆ. ಅದು ಅಲ್ಲೇ ಒಣಗಿತು.

ಅತ್ತಿ ಈಗಿಲ್ಲ. ಕೆಳಗಿನ ಅಂಗಡಿಯವರೇ ಮನೆಯನ್ನು ಕೊಂಡು ಗೋದಾಮು ಮಾಡಿದ್ದಾರೆ. ಅಡುಗೆಮನೆಯ ಕಿಟಕಿಯವರೆಗೂ ಬಟ್ಟೆಯ ಗಂಟುಗಳು. ಮಾದಾಪುರದ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವ ಸುಮಾ ಮೊನ್ನೆ ಚಹಾಕ್ಕೆ ಸಿಕ್ಕಿದ್ದಳು. “ಅತ್ತಿ ಉಂಗುರ ನೆನಪದ ಏನ? ಕೈ ಹಿಡದಾಗ ಹರಳು ಚುಚ್ಚತಿತ್ತು ನೋಡು. ಆದ್ರೂ ಬಿಡಸ್ಕೋಬೇಕು ಅನಸ್ತಿರಲಿಲ್ಲ” ಅಂದಳು. “ಹೂಂ, ಭಾಳ ಚುಚ್ಚತಿತ್ತು” ಅಂದೆ. ಅತ್ತಿ ಉಂಗುರ ಹಾಕುತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅಂದಿನಿಂದ ಅತ್ತಿಯನ್ನು ನೆನೆದಾಗಲೆಲ್ಲ ನನ್ನ ಬೆರಳ ಸಂದಿಯಲ್ಲೂ ಆ ಹರಳು ಒತ್ತುತ್ತದೆ, ತಣ್ಣಗೆ, ತುಸು ನೋವಾಗುವಷ್ಟು. ಅದು ಸುಮಾಳ ನೆನಪೆಂದು ಗೊತ್ತು. ವಾಪಸು ಕೊಡಲು ಮನಸ್ಸಿಲ್ಲ.