ಕ್ಯಾಮರಾಕ್ಕೆ ಸಿಗದ ಬಲಗೈ

ಬೆಳಗಿನ ಐದೂವರೆಗೇ ಆಂಧ್ರ ಗಡಿಯ ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು. ಮೈಲಾರಮ್ಮ ಪ್ಯಾಂಟಿನ ಕಾಲಂಚು ಮಡಿಸಿ, ಹೊಲಿಗೆಗಳು ಕೂಡುವ ದಪ್ಪ ಜಾಗವನ್ನು ಕುಟ್ಟುತ್ತಾರೆ. ಆಮೇಲೆ ಮೆಷಿನ್ನಿನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದದ ಹಿಂಭಾಗದಡಿ ಮಡಿಸಿದ ಜೀನ್ಸ್ ತುಂಡೊಂದನ್ನು ತುರುಕುತ್ತಾರೆ. ತುಂಡಿನ ಆಸರೆಯಿಂದ ಪಾದ ವಾಲುವುದಿಲ್ಲ. ಇದು ಅವರೇ ಕಂಡುಕೊಂಡ ಉಪಾಯ. ತಲೆಯ ಮೇಲಿನ ಸೂರಿಗೆ ಬಿಗಿದಿರುವ ಕ್ಯಾಮರಾಕ್ಕೆ ಹಳೆಯ ಪ್ಯಾಂಟಿನ ಜೇಬು ತೊಡಿಸಿದ್ದಾರೆ. ಯಾಕೆಂದು ಕೇಳಿದರೆ ಸಿಡಿಯುತ್ತಾರೆ.

"ಕಳ್ಳತನ ಆಗಬಾರ್ದಂತ ಮಾಲೀಕ್ರು ಹಾಕ್ಯಾರ್ರಿ ಅದನ್ನ. ಕದ್ದಿದ್ದು ಅದಾ ನೋಡ್ರಿ!"

ಮೈಲಾರಮ್ಮ ಹಿರೇಹಾಳು ಕಡೆಯ ಕುರಿ ಸಾಕುವ ಮನೆಯವರು. ಹದಿನೆಂಟಕ್ಕೆ ಬಳ್ಳಾರಿಗೆ ಗುಳೆ ಹೋಗಿ, ಹತ್ತು ವರ್ಷ ಅಲ್ಲಿನ ಜೀನ್ಸ್ ಕಾರ್ಖಾನೆಗಳ ನೀಲಿ ದೂಳು ಕುಡಿದು, ಕೆಮ್ಮು ಹತ್ತಿಸಿಕೊಂಡು ಇಲ್ಲಿಗೆ ಬಂದರು. ಈಗ ದಿನಕ್ಕೆ ನೂರಿಪ್ಪತ್ತು ಪ್ಯಾಂಟು, ಅಂದರೆ ಇನ್ನೂರ ನಲವತ್ತು ಕಾಲು, ಒಂದೊಂದು ಕಾಲಿಗೆ ಎರಡು ದಪ್ಪ ಹೊಲಿಗೆ. ವಾರಕ್ಕೊಂದು ಸೂಜಿ ಮುರಿದರೆ ಹೆಚ್ಚು.

ಕಳೆದ ವರ್ಷ ನೈರೋಬಿಯ ಕಂಪನಿಯೊಂದು ಅಲ್ಲಿನ ಹೆಂಗಸರಿಗೆ ಈ ಕೆಲಸ ಕಲಿಸಲು ಅವರನ್ನು ಹದಿನೈದು ದಿನಕ್ಕೆ ಕರೆಸಿಕೊಂಡಿತು. ಐದು ಮಹಡಿಯ ಕಟ್ಟಡ, ತುಂಬ ಹೊಸ ಹೊಸ ಸ್ಟಾರ್ಟಪ್‌ಗಳು. ಒಂದು ಕಡೆ ಬೈಕಿನಲ್ಲಿ ಆಸ್ಪತ್ರೆಗೆ ರಕ್ತ ತಲುಪಿಸುವವರು, ಇನ್ನೊಂದು ಕಡೆ ಗೋಡೆಯ ಮೇಲೆಯೇ ಗೀಚುತ್ತ ಜಗಳವಾಡಿ ಮರುಕ್ಷಣ ನಗುವವರು.

"ಸಂತಿ ನಡದಂಗಿತ್ರಿ. ಕುರಿ ರೇಟು ಮೊಬೈಲಿಗೆ ಕಳಸೋ ಹುಡುಗಿ ಕೂಡ್ಸಿ ಚಾ ಕೊಟ್ಲು. ಇದು ಆಗ ಇದ್ದಿದ್ರ ನಮ್ಮಪ್ಪ ದಲ್ಲಾಳಿ ಕೈಗೆ ಸಿಗ್ತಿದ್ದಿಲ್ಲ ಅನ್ನಿಸ್ತ್ರಿ."

ಆ ಖುಷಿ ಮೂರನೆಯ ಮಹಡಿಯವರೆಗೆ ಮಾತ್ರ. ಕರೆಸಿದ ಕಂಪನಿ ಅಲ್ಲಿತ್ತು. ಗೋಡೆಯಗಲದ ಪರದೆಯ ಮೇಲೆ ಒಂದು ಎಡಗೈ ಜೀನ್ಸ್ ತುಂಡು ತುರುಕುತ್ತಿದೆ. ಹಸಿರು ಬಳೆ, ಎಂದೋ ಸೂಜಿ ಹೊಕ್ಕು ಸೀಳಿದ ಹೆಬ್ಬೆರಳ ಉಗುರು. ತಮ್ಮ ಉಗುರು ತಮಗೆ ಗೊತ್ತಾಗುವುದಿಲ್ಲವೇ? ಶೆಡ್ಡಿನ ಕ್ಯಾಮರಾದ ವಿಡಿಯೊ, ಅವರನ್ನು ಒಂದು ಮಾತೂ ಕೇಳದೆ, ಇಲ್ಲಿಗೆ ಮಾರಾಟವಾಗಿ ಹೊಲಿಗೆ ಕಲಿಸುವ ಆಪ್ ಆಗಿತ್ತು. ಕೆಳಗೆ 'ನಮ್ಮ ತಂಡ ರೂಪಿಸಿದ ವಿಧಾನ' ಎಂದು ಬರೆದಿರುವುದನ್ನು ತೆಲುಗು ಬಲ್ಲ ಮ್ಯಾನೇಜರ್ ಹೆಮ್ಮೆಯಿಂದ ಓದಿ ಹೇಳಿದ. ಆದರೆ ಅದನ್ನು ನೋಡಿ ಕಲಿತವರ ಸೂಜಿಗಳು ಪಟಪಟ ಮುರಿಯುತ್ತಿದ್ದವು. ಅದಕ್ಕೇ ಇವರನ್ನು ಕರೆಸಿದ್ದು. ನಾಚಿಕೆಗೆಟ್ಟವರು!

"ನನ್ನ ಕೈ ಅದು, ನನ್ನ ಹೆಸರು ಹಾಕ್ರಿ ಅಂದೆ. ಕೈಗೆಲ್ಲಿ ಹೆಸರಿರ್ತೈತಮ್ಮ ಅಂತ ನಕ್ಕಾನ್ರಿ ಅವ."

ಸೂಜಿ ಯಾಕೆ ಮುರಿಯುತ್ತಿದೆ ಎಂಬುದು ಮೈಲಾರಮ್ಮನಿಗೆ ನೋಡಿದೊಡನೆ ತಿಳಿದಿತ್ತು. ದಪ್ಪ ಜಾಗ ಬಂದಾಗ ಅವರು ಪೆಡಲ್‌ನಿಂದ ಕಾಲು ತೆಗೆದು, ಬಲಗೈಯಿಂದ ಮೆಷಿನ್ನಿನ ಚಕ್ರವನ್ನು ಎರಡು ಸುತ್ತು ನಿಧಾನ ತಿರುಗಿಸುತ್ತಾರೆ. ಕಾಲೂ ಚಕ್ರವೂ ಶೆಡ್ಡಿನ ಕ್ಯಾಮರಾದ ಕಣ್ಣಿಗೆ ಬಿದ್ದಿರಲಿಲ್ಲ. ಅವರ ಕೆಲಸವನ್ನು ಮತ್ತೆ ಚಿತ್ರಿಸಿಕೊಳ್ಳಲು ಕಂಪನಿಯವರು ಹೊಸ ಕ್ಯಾಮರಾದ ಮುಂದೆ ಕೂರಿಸಿದರು. ಮೈಲಾರಮ್ಮ ಕೂತರು, ಕೈ ಕಟ್ಟಿಕೊಂಡು.

"ಹೆಸರು ಹಾಕ್ರಿ, ಇಲ್ಲಾ ಕ್ಯಾಮರಾ ಬಂದ್ ಮಾಡ್ರಿ."

ಎರಡು ದಿನ ಹಾಗೇ ಕೂತರು. ಹೆಸರು ಹಾಕಲಿಲ್ಲ, ಮೂರನೆಯ ದಿನ ಕ್ಯಾಮರಾ ಬಂದ್ ಆಯಿತು. ಆಗ ಮೈಲಾರಮ್ಮ ಅಲ್ಲಿನ ಹನ್ನೆರಡು ಹೆಂಗಸರ ಬಲಗೈಯನ್ನು ಒಂದೊಂದಾಗಿ ಚಕ್ರದ ಮೇಲಿರಿಸಿ, ಅದರ ಮೇಲೆ ತಮ್ಮ ಕೈಯಿಟ್ಟು ಕಲಿಸಿದರು. "ಆ ಹೆಣ್ಮಕ್ಕಳ ಮ್ಯಾಲ ಯಾಕ ಸಿಟ್ಟು? ಅವ್ರೂ ಹೊಟ್ಟಿಪಾಡಿಗೆ ಬಂದೋರು."

ಆಪಿನಲ್ಲಿ ಆ ಎಡಗೈ ಇವತ್ತಿಗೂ ಹೆಸರಿಲ್ಲದೆ ಆಡುತ್ತಿದೆ. ಮೈಲಾರಮ್ಮನ ಸಿಟ್ಟು ಆರಿಲ್ಲ. ಯಾಕಾದರೂ ಆರಬೇಕು?

ಮೊನ್ನೆ ಆ ಹನ್ನೆರಡು ಹೆಂಗಸರಲ್ಲೊಬ್ಬಳಾದ ವಂಜಿರು ನೈರೋಬಿಯಿಂದ ಮೊಬೈಲಿಗೆ ವಿಡಿಯೊ ಕಳಿಸಿದ್ದಾಳೆ. ಪಕ್ಕದ ಮೆಷಿನ್ನಿನವಳು ಕೈ ಚಾಚಿ ಏನೋ ಕೇಳುತ್ತಾಳೆ. ವಂಜಿರು ಮಡಿಸಿದ ಜೀನ್ಸ್ ತುಂಡನ್ನು ಅವಳತ್ತ ಎಸೆಯುತ್ತಾಳೆ. ಮೈಲಾರಮ್ಮ ಅದನ್ನು ನಮಗೆ ಎರಡು ಸಲ ತೋರಿಸಿ, ಮೊಬೈಲು ಬದಿಗಿಟ್ಟು ಸುತ್ತಿಗೆ ಕೈಗೆತ್ತಿಕೊಳ್ಳುತ್ತಾರೆ.

"ಕೇಳಿಸ್ತೇನ್ರಿ? ಆ ತುಂಡಿಗೆ ಅವ್ರು ಮೈಲಾರಮ್ಮ ಅಂತಾರ."