ತ್ರಿಶಲಾ ಪಂಕ್ತಿ ಬಿಟ್ಟ ಸಂಜೆ

ಐನಾಪುರದ ರಾಜಮತಿಯವರ ಮನೆಯಲ್ಲಿ ಎರಡು ಕಾಯದೆಗಳಿವೆ. ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವಂತಿಲ್ಲ. ಅದು ಜೈನರ ಮನೆಗಳಲ್ಲೆಲ್ಲ ಇದ್ದದ್ದೇ. ಮನೆಯವರೆಲ್ಲ ಪಂಕ್ತಿಗೆ ಬಂದು ಕೂಡುವ ತನಕ ಯಾರೂ ಮೊದಲ ತುತ್ತು ಎತ್ತುವಂತಿಲ್ಲ. ಇದು ರಾಜಮತಿಯವರ ಸ್ವಂತದ್ದು.

ಅತ್ತೆಗೆ ಉಣ್ಣುವವರ ಸಾಲಿನ ಚಿಂತೆಯಾದರೆ ಸೊಸೆಗೆ ಕಂಪ್ಯೂಟರ್ ಕೋಡಿನ ಸಾಲಿನದು. ನಿಪ್ಪಾಣಿಯಲ್ಲಿ ಓದಿದ ತ್ರಿಶಲಾ ಮಾಳಿಗೆಯ ಕೋಣೆಯಲ್ಲಿ ಕೂತು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕಟ್ಟುವ ತಂಡವೊಂದರಲ್ಲಿ ದುಡಿಯುತ್ತಾಳೆ. ಪ್ರೋಗ್ರಾಮು ಓಡುವ ಮೊದಲೇ ಅದನ್ನು ಓದಿ ತಪ್ಪು ಹಿಡಿಯುವ ಫ್ರಂಟ್ ಎಂಡ್ ಅವಳ ಪಾಲು.

ಒಂದೇ ಕೆಲಸವನ್ನು ಪ್ರೋಗ್ರಾಮಿನ ಹಲವು ಎಳೆಗಳು, ಎಂದರೆ ಥ್ರೆಡ್‌ಗಳು ಹಂಚಿಕೊಂಡು ಮಾಡುವಾಗ ನಡುವೆ ಬ್ಯಾರಿಯರ್ ಇರುತ್ತದೆ: ಎಲ್ಲರೂ ಅಲ್ಲಿಗೆ ಬಂದು ಮುಟ್ಟಿದ ಮೇಲೇ ಮುಂದಿನ ಹೆಜ್ಜೆ. ಒಬ್ಬ ‘ಹೀಗಾದರೆ ಇತ್ತ, ಇಲ್ಲವಾದರೆ ಅತ್ತ’ ಎನ್ನುವ ಕವಲಿನಲ್ಲಿ ಬೇರೆ ದಾರಿ ಹಿಡಿದನೋ, ಉಳಿದವರು ನಿಂತಲ್ಲೇ ನಿಂತಿರುತ್ತಾರೆ. ಇದನ್ನು ಮೊದಲೇ ಹಿಡಿಯುವ ತಪಾಸಣೆಯೊಂದನ್ನು ತ್ರಿಶಲಾ ತಿಂಗಳುಗಟ್ಟಲೆ ಕೂತು ಬರೆದಿದ್ದಳು. ಅವತ್ತು ಮಧ್ಯಾಹ್ನ ತಂಡದವರು ಅದನ್ನು ತಿರುಗಿ ಕಳಿಸಿದರು. ‘ಕವಲಿನೊಳಗೆ ಬ್ಯಾರಿಯರ್ ಕಂಡರೆ ಸಾಕು, ನಿನ್ನ ತಪಾಸಣೆ ಬೈಯುತ್ತದೆ. ಎಲ್ಲರೂ ಒಂದೇ ದಾರಿ ಹಿಡಿದರೆ ತಪ್ಪೇನು?’ ಸಂಜೆಯೊಳಗೆ ತಿದ್ದದಿದ್ದರೆ ಈ ಸಲದ ಬಿಡುಗಡೆಯಲ್ಲಿ ಅದಕ್ಕೆ ಜಾಗವಿಲ್ಲ.

ಅವತ್ತೇ ಭೋಜದಿಂದ ರಾಜಮತಿಯವರ ಬೀಗರು, ಮಗಳ ಮಾವ ಕಾಕಾಸಾಹೇಬ ಬಂದಿದ್ದರು. ತಾಟು ಬಡಿಸಿಯಾಗಿತ್ತು. ಸೂರ್ಯ ಕಬ್ಬಿನ ಗರಿ ಮುಟ್ಟಿದ್ದ.

“ಬೀಗತ್ಯಾರ, ಹೊತ್ತ ಮುಣಗಾಕತ್ತೈತ್ರಿ. ಆ ಕಂಪ್ಯೂಟರ ನಮಗೂ ನಾಕ ತುತ್ತ ಹಾಕತೈತೇನು?” ಎಂದರು ಕಾಕಾಸಾಹೇಬ.

“ನನ್ನ ಸೊಸಿ ಬರೂತನಕಾ ಯಾರೂ ತಾಟ ಮುಟ್ಟಬ್ಯಾಡ್ರಿ!” ರಾಜಮತಿ ಮಾಳಿಗೆಯತ್ತ ಕೂಗಿದರು. “ಏ ತ್ರಿಶಲಾ, ಲಗೂ ಬಾ ಬೇ!”

ತ್ರಿಶಲಾಳ ಬೆರಳು ನಿಂತಿತು. ಎದ್ದರೆ ತಪಾಸಣೆ ಹೋಯಿತು, ಏಳದಿದ್ದರೆ ಇಡೀ ಪಂಕ್ತಿ ಉಪವಾಸ. ಮಧ್ಯಾಹ್ನದಿಂದ ಯಾವ ಥ್ರೆಡ್ಡನ್ನು ಬೈಯುತ್ತಿದ್ದಳೋ ಅದು ಈಗ ತಾನೇ ಆಗಿದ್ದಳು.

“ಅತ್ತೀ, ಇವತ್ತ ನನಗ ಉಪಾಸ ಐತ್ರಿ! ನನ್ನ ಎಣಸಬ್ಯಾಡ್ರಿ, ನೀವು ಉಣ್ರಿ!”

“ಇವತ್ತ ಯಾವ ತಿಥಿ ಬೇ?”

“ಕಂಪೈಲರ ಅಷ್ಟಮಿ ರೀ!”

ಕೆಳಗೆ ನಗೆ ಎದ್ದಿತು, ಹಿಂದೆಯೇ ತಾಟಿನ ಸದ್ದು. ಎಲ್ಲ ಥ್ರೆಡ್‌ಗಳಿಗೂ ಒಂದೇ ದಾರಿ ತೋರಿಸುವ ಕವಲನ್ನು ಸುಮ್ಮನೆ ಬಿಟ್ಟು, ಒಬ್ಬೊಬ್ಬರನ್ನು ಒಂದೊಂದು ಕಡೆ ಕಳಿಸಬಹುದಾದ ಕವಲನ್ನಷ್ಟೇ ಬೈಯುವಂತೆ ತ್ರಿಶಲಾ ತಪಾಸಣೆಯನ್ನು ತಿದ್ದಿ ಕಳಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹಸಿದೇ ಮಲಗಿದಳು.

ಬೆಳಿಗ್ಗೆ ಒಪ್ಪಿಗೆ ಬಂತು. ಬಿಡುಗಡೆಯ ಟಿಪ್ಪಣಿಯಲ್ಲಿ ತಪಾಸಣೆಯ ಮುಂದೆ ಹೆಸರಿತ್ತು: ತ್ರಿಶಲಾ, ಐನಾಪುರ. ಊರಿನ ಹೆಸರನ್ನು ಯಾರೂ ಕೇಳಿರಲಿಲ್ಲ, ಅವಳೇ ಸೇರಿಸಿದ್ದಳು.

ರಾಜಮತಿ ಪಾರಣೆಗೆ ಹೋಳಿಗೆ ಮಾಡಿದರು. ರಾತ್ರಿ ಅಲ್ಲೇ ಉಳಿದಿದ್ದ ಕಾಕಾಸಾಹೇಬರ ಕೈ ಆಗಲೇ ತಾಟಿಗೆ ಹೋಗಿತ್ತು.

“ತಡೀರಿ ಬೀಗರ! ಉಪಾಸ ಮಾಡಿದಾಕಿದ ಮೊದಲ ತುತ್ತು. ಎಲ್ಲೆಲ್ಲಿಯೋ ಮಂದಿ ನನ್ನ ಸೊಸಿನ್ನ ಕೇಳಿ ಪ್ರೋಗ್ರಾಮ ಓಡಸ್ತಾರಂತ. ನೀವೂ ಆಕಿನ್ನ ಕೇಳೇ ಉಣ್ರಿ.”

ತ್ರಿಶಲಾ ನಗುತ್ತ ಹೋಳಿಗೆ ಮುರಿದಳು. ಪಂಕ್ತಿ ಮುಂದೆ ಸಾಗಿತು.